ಸಹಾಯ ಬರುವವರೆಗಿನ ಹೊತ್ತಿಗೆ ಬ್ಯಾಗಿನಲ್ಲಿ ಏನಿರಬೇಕು?

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ಒಂದು ಹೊಲದ ದಾರಿ. ಆಗಸ್ಟ್ ತಿಂಗಳು, ಸಂಜೆ ಆರರ ಹೊತ್ತು. ಅರ್ಧ ಗಂಟೆ ಜೋರು ಮಳೆ ಸುರಿದು ನಿಂತಿತ್ತು. ನನ್ನ ಬೈಕಿನ ಮುಂದಿನ ಗಾಲಿ ತಿರುಗುವುದನ್ನೇ ಬಿಟ್ಟಿತು. ಎರೆ ಮಣ್ಣಿನ ಗುಣ ಈ ಕಡೆಯವರಿಗೆ ಹೇಳಬೇಕಿಲ್ಲ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ನಾದಿದ ಹಿಟ್ಟು ತುರುಕಿದ ಹಾಗೆ ಮಣ್ಣು ಕೂತಿತ್ತು. ಒಂದು ಹೆಜ್ಜೆ ನೂಕಿದರೆ ಇನ್ನೊಂದು ಸೇರು ಮಣ್ಣು ಒಳಗೆ ಹೋಗುತ್ತಿತ್ತು.

ನನ್ನ ಬ್ಯಾಗಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದ ‘ಹದಿನೆಂಟು ಕೆಲಸದ’ ಮಡಚುವ ಚಾಕು ಇತ್ತು. ಹೆಮ್ಮೆಯಿಂದ ಹೊರಗೆ ತೆಗೆದೆ. ಬಾಟಲಿಯ ಬಿರಡೆ ಕೀಳುವ ಸುರುಳಿ ಇತ್ತು, ಮೀನಿನ ಪೊರೆ ಉಜ್ಜುವ ಅಲಗು ಇತ್ತು, ಉಗುರು ತೀಡುವ ಅರ ಕೂಡ ಇತ್ತು. ಮಣ್ಣು ಕೆರೆಯಲು ಬರುವಂಥದ್ದು ಮಾತ್ರ ಇರಲಿಲ್ಲ. ಕಳೆ ತೆಗೆದು ಮನೆಗೆ ಹೊರಟಿದ್ದ ಅಜ್ಜಿಯೊಬ್ಬಳು ನಿಂತು ನೋಡಿದಳು. “ಅದರಾಗ ಏನ್ ಆಗ್ತೈತೋ ತಮ್ಮಾ, ಇದ ತಗೋ” ಎಂದು ಕೈಲಿದ್ದ ಕುರ್ಚಿಗಿ, ಅಂದರೆ ಕಳೆ ತೆಗೆಯುವ ಸಣ್ಣ ಹತಾರ, ಕೊಟ್ಟಳು. ಹತ್ತು ನಿಮಿಷದಲ್ಲಿ ಗಾಲಿ ತಿರುಗಿತು. ಈಗ ಮಳೆಗಾಲದಲ್ಲಿ ನನ್ನ ಬೈಕಿನ ಪಕ್ಕದ ಪೆಟ್ಟಿಗೆಯಲ್ಲಿ ಒಂದು ಕುರ್ಚಿಗಿ ಕಾಯಂ ಇರುತ್ತದೆ. ಚಾಕು ಅಡುಗೆಮನೆಯ ಡ್ರಾದಲ್ಲಿದೆ.

ಆಪತ್ತಿಗೆ ಸಾಮಾನು ಜೋಡಿಸುವಾಗ ನಾವು ಮಾಡುವ ತಪ್ಪು ಇದೇ. ಸಾಮಾನು ನೋಡಿ ಆಸೆ ಪಡುತ್ತೇವೆ, ಆಮೇಲೆ ಅದಕ್ಕೊಂದು ಆಪತ್ತು ಕಲ್ಪಿಸಿಕೊಳ್ಳುತ್ತೇವೆ. ಉಲ್ಟಾ ಹೋಗಬೇಕು. ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ನಾನು ಸಿಕ್ಕಿಬಿದ್ದರೆ ಇನ್ನೊಬ್ಬರು ನನ್ನ ತನಕ ಬರಲು ಎಷ್ಟು ಹೊತ್ತು ಬೇಕು? ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಬಿದ್ದರೆ ನಿಮಿಷಗಳ ಮಾತು. ಯಲ್ಲಾಪುರ ದಾಟಿ ಅರಬೈಲು ಘಟ್ಟದಲ್ಲಿ ರಾತ್ರಿ ಗಾಡಿ ಕೆಟ್ಟರೆ ಮೂರ್ನಾಲ್ಕು ಗಂಟೆ ಆಗಬಹುದು. ಬೆಣ್ಣೆಹಳ್ಳ ಉಕ್ಕಿ ಆಚೆ ದಂಡೆಯಲ್ಲೇ ಉಳಿದರೆ ಒಂದು ರಾತ್ರಿ, ಕೆಲವು ಸಲ ಎರಡು. ಈ ನಡುವಿನ ಹೊತ್ತನ್ನು ದಾಟಿಸುವುದಷ್ಟೇ ಸಾಮಾನಿನ ಕೆಲಸ. ಹೊತ್ತು ಗೊತ್ತಾದರೆ ಏನು ಬೇಕು, ಎಷ್ಟು ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಬೆಳಕಿನಿಂದ ಶುರು ಮಾಡೋಣ. ಟಾರ್ಚಿನಷ್ಟು ಸುಳ್ಳು ಹೇಳುವ ಸಾಮಾನು ಮಾರುಕಟ್ಟೆಯಲ್ಲಿ ಇನ್ನೊಂದಿಲ್ಲ. ಬೆಳಕಿನ ಅಳತೆಗೆ ಲ್ಯೂಮೆನ್ ಅನ್ನುತ್ತಾರೆ. ಒಂದು ಮೇಣದ ಬತ್ತಿ ಸುಮಾರು 12 ಲ್ಯೂಮೆನ್. ಹಳೆ ಕಾಲದ 60 ವ್ಯಾಟ್ ಬಲ್ಬು ಹೆಚ್ಚುಕಡಿಮೆ 700. ಹೀಗಿರುವಾಗ ಬೆರಳುದ್ದದ ಟಾರ್ಚಿನ ಡಬ್ಬಿಯ ಮೇಲೆ ‘10,000 ಲ್ಯೂಮೆನ್’ ಅಂತ ಅಚ್ಚು ಹಾಕಿದ್ದರೆ ಸ್ವಲ್ಪ ಲೆಕ್ಕ ಹಾಕಿ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ನೂರರ ಆಸುಪಾಸು ಲ್ಯೂಮೆನ್ ಕೊಡುತ್ತದೆ. ಅಂದರೆ ಹತ್ತು ಸಾವಿರಕ್ಕೆ ನೂರು ವ್ಯಾಟ್ ಬೇಕು. ಒಳಗಿರುವುದು ಒಂದೇ 18650 ಸೆಲ್. ಅದು ಎಷ್ಟೇ ಒಳ್ಳೆಯದಿದ್ದರೂ ಅದರಲ್ಲಿ ತುಂಬುವುದು 12-13 ವ್ಯಾಟ್-ಅವರ್, ಅಂದರೆ ಒಂದು ವ್ಯಾಟಿನ ದೀಪ 12-13 ಗಂಟೆ ಉರಿಯುವಷ್ಟು ಶಕ್ತಿ. ಏಳೆಂಟು ನಿಮಿಷದಲ್ಲಿ ಖಾಲಿ, ಅದೂ ಕೈ ಸುಡದಿದ್ದರೆ.

ಆ 18650 ಅನ್ನುವ ಅಂಕಿ ಸೆಲ್ಲಿನ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ 2,000ದಿಂದ 3,500 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಇರುತ್ತದೆ. ‘9,900 ಎಂಎಎಚ್’ ಅಂತ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ನಾನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅಂಥದ್ದೇ ಕೊಂಡು, ಅನುಮಾನ ಬಂದು, ಪರಿಚಯದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಒಳ್ಳೆಯ ಸೆಲ್ 45 ಗ್ರಾಂ ಅಥವಾ ತುಸು ಹೆಚ್ಚು ತೂಗುತ್ತದೆ. ನನ್ನದು 28 ಗ್ರಾಂ ಇತ್ತು. “ಇದರಾಗ ಹವಾನೇ ಜಾಸ್ತಿ ಐತ್ರಿ” ಅಂದರು ಅಂಗಡಿಯವರು.

ದಾರಿ ನೋಡಿ ನಡೆಯಲು 100 ಲ್ಯೂಮೆನ್ ಧಾರಾಳ. ಕೂತು ಊಟ ಮಾಡಲು, ಗಾಯ ಕಟ್ಟಲು 20-30 ಸಾಕು. ಆದ್ದರಿಂದ ಹೆಚ್ಚೆಂದರೆ ಎಷ್ಟು ಬೆಳಕು ಅಂತ ಕೇಳಬೇಡಿ. ಕಡಿಮೆ ಬೆಳಕಿನಲ್ಲಿ ಎಷ್ಟು ಗಂಟೆ ಉರಿಯುತ್ತದೆ ಅಂತ ಕೇಳಿ. ಕೈಯಲ್ಲಿ ಹಿಡಿಯುವುದಕ್ಕಿಂತ ತಲೆಗೆ ಕಟ್ಟುವ ಟಾರ್ಚ್ ಮೇಲು. ಪಂಕ್ಚರ್ ತಿದ್ದುವಾಗ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದವರಿಗೆ ಇದು ಗೊತ್ತು. ನನ್ನದು ಪೆನ್ಸಿಲ್ ಸೆಲ್ ಹಾಕುವಂಥದ್ದು. ಚಾರ್ಜ್ ಮಾಡುವ ಟಾರ್ಚಿನಷ್ಟು ಬೆಳಕಿಲ್ಲ, ನಿಜ. ಆದರೆ ಪೆನ್ಸಿಲ್ ಸೆಲ್ ರೋಣದ ಪಾನ್ ಅಂಗಡಿಯಲ್ಲೂ ಸಿಗುತ್ತದೆ.

ಪವರ್ ಬ್ಯಾಂಕಿನದ್ದೂ ಇದೇ ಕಥೆ, ಸುಳ್ಳು ಮಾತ್ರ ಸ್ವಲ್ಪ ನಯವಾದದ್ದು. 10,000 ಎಂಎಎಚ್ ಅನ್ನುವುದು ಒಳಗಿನ ಸೆಲ್ಲಿನ ಲೆಕ್ಕ, 3.7 ವೋಲ್ಟಿನಲ್ಲಿ. ಹೊರಗೆ ಬರುವುದು 5 ವೋಲ್ಟಿನಲ್ಲಿ. ವೋಲ್ಟೇಜ್ ಏರಿಸುವಾಗ ಎಂಎಎಚ್ ಇಳಿಯುತ್ತದೆ, ಒಂದಿಷ್ಟು ಬಿಸಿಯಾಗಿಯೂ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು ಆರು ಸಾವಿರ ಚಿಲ್ಲರೆ. ಪವರ್ ಬ್ಯಾಂಕಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಅಂತ ಇರುತ್ತದಲ್ಲ, ಅದೇ ನಿಜವಾದ ಅಂಕಿ. ಇವತ್ತಿನ ಫೋನಿಗೆ ಒಂದೂವರೆ ಸಲ ಚಾರ್ಜ್ ಆಯಿತು ಅನ್ನಿ. ಅಲ್ಲೇ ಸರಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಅದು ಇಲ್ಲದ್ದನ್ನು ನಮ್ಮಲ್ಲಿ ಮಾರುವಂತಿಲ್ಲ.

ಬೆನ್ನಿಗೆ ಅಂಗೈಯಗಲದ ಸೋಲಾರ್ ಪಟ್ಟಿ ಅಂಟಿಸಿದ ಪವರ್ ಬ್ಯಾಂಕ್ ನೋಡಿ ಮರುಳಾಗಬೇಡಿ. ಆ ಪಟ್ಟಿ ಕೊಡುವುದು ಒಂದು ವ್ಯಾಟ್, ಬಹಳ ಆದರೆ ಒಂದೂವರೆ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಇಟ್ಟರೂ ತುಂಬಲು ವಾರ ದಾಟುತ್ತದೆ. ಅಷ್ಟರಲ್ಲಿ ಬಿಸಿಲಿಗೆ ಬ್ಯಾಟರಿಯೇ ಉಬ್ಬಿಕೊಂಡಿರುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ, ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬಿಡಲೇಬೇಡಿ.

ಇರುವ ಚಾರ್ಜನ್ನು ಉಳಿಸುವುದು ಹೊಸ ಪವರ್ ಬ್ಯಾಂಕ್ ಕೊಂಡಂತೆಯೇ. ನೆಟ್‌ವರ್ಕ್ ಇಲ್ಲದ ಕಾಡುದಾರಿಯಲ್ಲಿ ಫೋನು ಟವರಿಗಾಗಿ ಹುಡುಕಾಡಿ ಹುಡುಕಾಡಿ ಬ್ಯಾಟರಿ ತಿನ್ನುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ. ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ, ಅದಕ್ಕೆ ಉಪಗ್ರಹದ ಸಿಗ್ನಲ್ ಸಿಕ್ಕರೆ ಸಾಕು. ಮ್ಯಾಪನ್ನು ಮಾತ್ರ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಒಮ್ಮೆ ಮಾಡಿ ನೋಡಿ. ಬೇರೆ ಕಂಪನಿಯ ಟವರ್ ಹತ್ತಿರ ಇದ್ದರೆ ಕರೆ ಹೋಗುತ್ತದೆ. ಕರೆ ನಿಲ್ಲದ ಕಡೆ ಎಸ್‌ಎಂಎಸ್ ದಾಟುವುದೂ ಉಂಟು.

ಈಗ ಒಂದು ಎಚ್ಚರಿಕೆ. ವಿದೇಶದವರ ವಿಡಿಯೋ ನೋಡಿದರೆ ದೂರದ ಪ್ರಯಾಣಕ್ಕೆ ಮೊದಲು ಹೇಳುವುದೇ ಸ್ಯಾಟಲೈಟ್ ಫೋನು, ಇಲ್ಲವೇ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಪುಟ್ಟ ಯಂತ್ರ. ಅಲ್ಲಿ ಅದು ಸರಿ. ನಮ್ಮ ದೇಶದಲ್ಲಿ ಸರಕಾರದ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಥುರಾಯಾ, ಇರಿಡಿಯಂ ಫೋನುಗಳಿಗಂತೂ ಅವಕಾಶವೇ ಇಲ್ಲ. ಗೊತ್ತಿಲ್ಲದೆ ತಂದ ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದಾರೆ. ಅಮೆರಿಕದಲ್ಲಿರುವ ಅಳಿಯನಿಗೆ ‘ಬರೋವಾಗ ಒಂದು ತಗೊಂಡು ಬಾ’ ಅಂತ ಹೇಳಿ ಕಳಿಸಬೇಡಿ. ವಾಕಿಟಾಕಿಯಲ್ಲೂ 446 ಮೆಗಾಹರ್ಟ್ಸ್ ಆಸುಪಾಸಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಮಾತ್ರ ಲೈಸೆನ್ಸ್ ಬೇಡ. ಆನ್‌ಲೈನ್‌ನಲ್ಲಿ ಸಿಗುವುದೆಲ್ಲ ಆ ಸಾಲಿಗೆ ಸೇರುವುದಿಲ್ಲ.

ಇವೆಲ್ಲಕ್ಕಿಂತ ಕೆಲಸಕ್ಕೆ ಬರುವುದು ಮನೆಯ ಗೋಡೆಗೆ ಅಂಟಿಸಿದ ಒಂದು ಚೀಟಿ. ಯಾವ ದಾರಿ, ಯಾವ ಊರು, ಎಷ್ಟು ಹೊತ್ತಿಗೆ ವಾಪಸ್, ಬಾರದಿದ್ದರೆ ಯಾರಿಗೆ ಫೋನು. ಅದಕ್ಕೆ ಚಾರ್ಜ್ ಬೇಕಿಲ್ಲ.

ನೀರಿನ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರೋಣ. ಧಾರವಾಡ, ಗದಗದ ನಮ್ಮ ಕಡೆ ಇದು ಊರಿಂದ ಊರಿಗೆ ಬದಲಾಗುತ್ತದೆ.

ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂತ ಲೆಕ್ಕ. ಬೇಸಿಗೆಯಲ್ಲಿ ಕಪ್ಪತಗುಡ್ಡ ಹತ್ತುವವರಿಗೆ ಅದೂ ಸಾಲದು. ಅಲ್ಲಿ ಚಿರತೆ, ತೋಳ, ಕತ್ತೆಕಿರುಬ ಇವೆ ಅಂತ ಜನ ಹೆದರುತ್ತಾರೆ. ನನಗೆ ಹೆದರಿಕೆ ಇರುವುದು ಹನ್ನೊಂದು ಗಂಟೆಯ ಬಿಸಿಲಿಗೆ. ಒಂದು ಲೀಟರ್ ನೀರು ಒಂದು ಕಿಲೋ ತೂಕ. ಎಲ್ಲವನ್ನೂ ಹೊರಲು ಆಗುವುದಿಲ್ಲ, ಅದಕ್ಕೇ ಫಿಲ್ಟರ್ ಮಾತು ಬರುವುದು.

ಹೀರುಗೊಳವೆಯಂಥ ಫಿಲ್ಟರ್ ಈಗ ಜನಪ್ರಿಯ. ಕೆರೆಗೆ ಬಾಗಿ ನೇರವಾಗಿ ಕುಡಿಯುವ ಚಿತ್ರ ಹಾಕಿರುತ್ತಾರೆ. ಅದರೊಳಗಿನ ರಂಧ್ರ ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತರಲ್ಲಿ ಒಂದೆರಡು ಭಾಗದಷ್ಟು ಸಣ್ಣದು. ಬ್ಯಾಕ್ಟೀರಿಯಾ ಅದರಲ್ಲಿ ತೂರುವುದಿಲ್ಲ. ವೈರಸ್ ಅದಕ್ಕಿಂತ ಸಣ್ಣದು, ತೂರುತ್ತದೆ. ನೀರಿನಲ್ಲಿ ಕರಗಿದ ಉಪ್ಪು, ಹೊಲದಿಂದ ಹರಿದುಬಂದ ಔಷಧ ಇದಕ್ಕೆ ಸಿಕ್ಕುವುದೇ ಇಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಬೋರಿನ ಸವಳು ನೀರನ್ನು ಇದರಲ್ಲಿ ಹೀರಿದರೆ ಬಾಯಿಗೆ ಸವಳೇ ಬರುತ್ತದೆ. ಅಲ್ಲಿಯ ಹಳ್ಳಿಗಳು ಕೆರೆ ಕಟ್ಟಿ ಕುಡಿಯುವ ನೀರು ಕಾಯ್ದುಕೊಂಡದ್ದು ಸುಮ್ನೆ ಅಲ್ಲ.

ಮುಂಡರಗಿ ಕಡೆ ಇನ್ನೊಂದು ತೊಡಕು: ಫ್ಲೋರೈಡ್. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ತನಕ ನಡೆಯುತ್ತದೆ ಅನ್ನುತ್ತದೆ ನಮ್ಮ ಬಿಐಎಸ್ ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನು ಓದಿದವರು ಗಾಬರಿಯಾಗಿ ಬೋರಿನ ನೀರು ಬಿಟ್ಟು ಹಳ್ಳದ ನೀರಿಗೆ ಹೋಗುತ್ತಾರೆ. ಅದು ತಪ್ಪು ಲೆಕ್ಕ. ಫ್ಲೋರೈಡ್ ಹಲ್ಲು, ಎಲುಬು ಕೆಡಿಸಲು ವರ್ಷಗಟ್ಟಲೆ ಕುಡಿಯಬೇಕು. ಹಳ್ಳದ ನೀರಿನ ವಾಂತಿ-ಭೇದಿ ಒಂದೇ ದಿನದಲ್ಲಿ ಮಲಗಿಸುತ್ತದೆ. ದಿನಾ ಮನೆಯಲ್ಲಿ ಕುಡಿಯುವ ನೀರಿಗೆ ಆರ್‌ಒ ಬೇಕು. ಆಪತ್ತಿನ ಒಂದೆರಡು ದಿನಕ್ಕೆ ಬೋರಿನ ನೀರೇ ವಾಸಿ.

ಪ್ರವಾಹದ ಕೆಂಪು ನೀರೊಂದೇ ಗತಿಯಾದರೆ? ಮೊದಲು ಪಟಿಕ ಆಡಿಸಿ ಕೆಸರು ತಳಕ್ಕೆ ಇಳಿಸಿ. ಮೇಲಿನ ತಿಳಿಯನ್ನು ದಪ್ಪ ಬಟ್ಟೆಯಲ್ಲಿ ಸೋಸಿ. ಆಮೇಲೆ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ಗಂಟೆ ಬಿಡಿ. ಕೆಸರು ಇದ್ದ ಹಾಗೆಯೇ ಗುಳಿಗೆ ಹಾಕಿದರೆ ಕ್ಲೋರಿನ್ ಕೆಸರಿನ ಮೇಲೇ ಖರ್ಚಾಗಿ ಹೋಗುತ್ತದೆ. ಒಲೆ ಇದ್ದರೆ ಕೊತಕೊತ ಒಂದು ನಿಮಿಷ ಕುದಿಸಿದರೂ ಆಯಿತು. ಗುಳಿಗೆಯ ಒಂದು ಪಟ್ಟಿ ಬೆಂಕಿಪೊಟ್ಟಣದಷ್ಟೂ ಜಾಗ ತಿನ್ನುವುದಿಲ್ಲ. ಹೀರುಗೊಳವೆಗಿಂತ ನಾನು ಇದನ್ನೇ ಮೆಚ್ಚುತ್ತೇನೆ. ಜೊತೆಗೆ ಎರಡು ಪಾಕೀಟು ಓಆರ್‌ಎಸ್. ಅದು ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ತಿನ್ನುವುದರ ಬಗ್ಗೆ ಉತ್ತರ ಕರ್ನಾಟಕದವರಿಗೆ ಪಾಠ ಬೇಕಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ತುಂಡು ಬೆಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 570 ಕ್ಯಾಲೊರಿ ಇದೆ. ಇನ್ನೂರು ರೂಪಾಯಿಯ ಪ್ರೋಟೀನ್ ಬಾರ್ ಇದಕ್ಕಿಂತ ಹೆಚ್ಚೇನೂ ಕೊಡುವುದಿಲ್ಲ. ಧಾರವಾಡ ಫೇಡೆ ಬೇಡ, ಅದು ಬ್ಯಾಗಿನಲ್ಲಿ ಉಳಿಯುವುದಿಲ್ಲ. ಕೆಡುತ್ತದೆ ಅಂತ ಅಲ್ಲ.

ನೆನೆಯುವುದು, ಚಳಿ ಹಿಡಿಯುವುದು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಆಪತ್ತು. ರೇನ್‌ಕೋಟಿನ ಚೀಟಿಯಲ್ಲಿ ‘3,000 ಎಂಎಂ’ ಅಂತ ಇದ್ದರೆ, ಆ ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಅಂತ ಅರ್ಥ. ನಡೆಯುವವರಿಗೆ ಇದು ಸಾಕು. ಬೈಕ್ ಮೇಲೆ ಸೀಟಿಗೆ ಒತ್ತುವ ಜಾಗದಲ್ಲಿ ಸೋರಬಹುದು. ಬಟ್ಟೆಗಿಂತ ಮೊದಲು ಹೊಲಿಗೆ ನೋಡಿ. ಒಳಗಿನಿಂದ ಟೇಪು ಹಾಕಿ ಮುಚ್ಚಿರದಿದ್ದರೆ ನೀರು ಬರುವುದು ಅಲ್ಲಿಂದಲೇ. ಟಾರ್ಚ್, ಫೋನುಗಳ ಐಪಿ ಸಂಖ್ಯೆಯಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎರಡನೆಯದು 4 ಇದ್ದರೆ ಸಿಡಿಯುವ ನೀರು ತಡೆಯುತ್ತದೆ. 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ.

ಬೆಳ್ಳಿ ಬಣ್ಣದ ‘ಎಮರ್ಜೆನ್ಸಿ ಬ್ಲ್ಯಾಂಕೆಟ್’ ಐವತ್ತು-ಅರವತ್ತು ಗ್ರಾಂ ತೂಕದ್ದು, ಜೇಬಿನಲ್ಲಿ ಕೂರುತ್ತದೆ. ಅದು ಮೈಯ ಬಿಸಿಯನ್ನು ಕನ್ನಡಿಯಂತೆ ಮೈಗೇ ತಿರುಗಿಸುತ್ತದೆ. ಆದರೆ ಮುಳ್ಳು ತಾಗಿದರೆ ಹರಿಯಿತು. ನಮ್ಮ ಕುರುಬರ ಕಂಬಳಿ ಎರಡು ಕಿಲೋ ತೂಗುತ್ತದೆ, ಮೈಗೆ ಚುಚ್ಚುತ್ತದೆ. ಆದರೂ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಬೆಚ್ಚಗಿರುತ್ತದೆ. ಹತ್ತಿ ಚಾದರ ನೆನೆದರೆ ಮುಗಿಯಿತು. ಬ್ಯಾಗಿಗೆ ಬೆಳ್ಳಿ ಹಾಳೆ, ಕಾರಿನ ಡಿಕ್ಕಿಗೆ ಕಂಬಳಿ. ನನ್ನ ತೀರ್ಮಾನ ಇಷ್ಟೇ.

ಇನ್ನು ಮೈಮೇಲೆ ಬರುವವರಿಂದ ಕಾಪಾಡಿಕೊಳ್ಳುವ ಮಾತು. ನನ್ನ ತಂಗಿ ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಬರುತ್ತಿದ್ದಳು. ಪರ್ಸಿನಲ್ಲಿ ಖಾರದ ಪುಡಿಯ ಪುಡಿಕೆ ಇಟ್ಟುಕೊಂಡಿದ್ದಳು. ಅದೂ ಬ್ಯಾಡಗಿ! ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಕಳ್ಳನ ಅಂಗಿ ಕೆಂಪಾಗುತ್ತಿತ್ತು, ಅಷ್ಟೇ. ತಮಾಷೆ ಪಕ್ಕಕ್ಕಿಡಿ, ಪುಡಿಯ ನಿಜವಾದ ತೊಂದರೆ ಗಾಳಿ. ಎರಚಿದ್ದು ನಿಮ್ಮ ಕಣ್ಣಿಗೇ ಬರುತ್ತದೆ. ಪೆಪ್ಪರ್ ಸ್ಪ್ರೇಯಲ್ಲೂ ಇದೇ ಭೇದ. ಮಂಜಿನಂತೆ ಹರಡುವುದು ಗಾಳಿಗೆ ತಿರುಗುತ್ತದೆ, ಬಸ್ಸಿನೊಳಗೆ ಹೊಡೆದರೆ ಎಲ್ಲರೂ ಕೆಮ್ಮಬೇಕು. ಸಣ್ಣ ಧಾರೆಯಾಗಿ ಹೋಗುವುದು ಎರಡು-ಮೂರು ಮೀಟರ್ ನೇರ ಹೋಗುತ್ತದೆ. ಧಾರೆಯದ್ದನ್ನೇ ಕೊಳ್ಳಿ. ಆತ್ಮರಕ್ಷಣೆಗೆ ಇಟ್ಟುಕೊಳ್ಳಲು ನಮ್ಮಲ್ಲಿ ಅಡ್ಡಿಯಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುವ ದಿನ ಮಾತ್ರ ಕೈಚೀಲದಿಂದ ತೆಗೆದಿಡಿ. ಡಬ್ಬಿಯ ಮೇಲಿನ ಅವಧಿ ನೋಡಿ, ಒಳಗಿನ ಒತ್ತಡ ಕಾಲ ಕಳೆದಂತೆ ಇಳಿಯುತ್ತದೆ. ಕೊಂಡ ದಿನವೇ ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ, ಒಂದು ಸಲ ಹೊಡೆದು ನೋಡಿ. ಮುಚ್ಚಳದ ಲಾಕು ಯಾವ ಕಡೆ ಸರಿಯುತ್ತದೆ ಅಂತ ಹೆಬ್ಬೆರಳಿಗೆ ಗೊತ್ತಿರಬೇಕು. ಪರ್ಸಿನ ತಳದಲ್ಲಿ ಲಿಪ್‌ಸ್ಟಿಕ್, ಬೀಗದಕೈ ನಡುವೆ ಇದ್ದರೆ ಅದು ಇದ್ದೂ ಇಲ್ಲ.

ಚಾಕು ಇಟ್ಟುಕೊಳ್ಳುವವರಿಗೆ ನನ್ನ ಬುದ್ಧಿಮಾತು ಬೇಡ ಅಂತಲೇ. ಕಸಿದುಕೊಂಡರೆ ಅದು ಅವರದ್ದಾಗುತ್ತದೆ. ಹಗ್ಗ, ಪಟ್ಟಿ ಕತ್ತರಿಸಲು ಸಣ್ಣದೊಂದು ಸಾಕು.

ಎಲ್ಲಕ್ಕಿಂತ ಅಗ್ಗದ್ದು ಸೀಟಿ. ಮೂವತ್ತು-ನಲವತ್ತು ರೂಪಾಯಿ. ಕೂಗುವ ಗಂಟಲು ಹತ್ತು ನಿಮಿಷದಲ್ಲಿ ಒಣಗುತ್ತದೆ, ಸೀಟಿಗೆ ಉಸಿರಿದ್ದರೆ ಸಾಕು. ಮೂರು ಸಲ ಊದಿ, ಬಿಟ್ಟು, ಮತ್ತೆ ಮೂರು ಸಲ. ಇದು ಆಪತ್ತಿನ ಸಂಕೇತ. ಒಳಗೆ ಕಾಳು ಇಲ್ಲದ ಸೀಟಿಯನ್ನೇ ಆರಿಸಿ. ಕಾಳಿನದ್ದು ನೆನೆದರೆ, ಮಣ್ಣು ಹೊಕ್ಕರೆ ಕಚ್ಚಿಕೊಳ್ಳುತ್ತದೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಮೂರನೇ ದಿನವೂ ಅದರಡಿಯಿಂದ ಜೀವಂತ ಜನರನ್ನು ಹೊರಗೆ ತೆಗೆದರು. ಅದಾದ ಮೇಲೆ ನಮ್ಮ ಮನೆಯ ಬೀಗದಕೈ ಗೊಂಚಲುಗಳಲ್ಲೆಲ್ಲ ಒಂದೊಂದು ಸೀಟಿ ತೂಗುತ್ತಿದೆ. 2017ರಿಂದ ನಮ್ಮಲ್ಲಿ ಮಾರುವ ಫೋನಿನಲ್ಲಿ ಪ್ಯಾನಿಕ್ ಬಟನ್ ಇರಬೇಕೆಂಬ ನಿಯಮವಿದೆ. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತುವುದು, ಕೀಲಿ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು. ಕೆಲವು ಫೋನುಗಳಲ್ಲಿ ಐದು ಸಲ ಒತ್ತಬೇಕು. ನಿಮ್ಮದರಲ್ಲಿ ಹೇಗೆ ಅಂತ ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ನೋಡಿಡಿ.

ಪ್ರಥಮ ಚಿಕಿತ್ಸೆಯ ಡಬ್ಬಿ ಬಗ್ಗೆ ಎರಡೇ ಮಾತು. ‘ಹಾವಿನ ವಿಷ ಹೀರುವ ಪಂಪು’ ಅಂತ ಮಾರುತ್ತಾರೆ, ದುಡ್ಡು ದಂಡ. ಕಚ್ಚಿದ ಜಾಗ ಕೊಯ್ಯುವುದು, ಮೇಲೆ ಬಿಗಿಯಾಗಿ ಕಟ್ಟುವುದು ಅದಕ್ಕಿಂತ ಕೆಟ್ಟದ್ದು. ಕಾಲು ಅಲ್ಲಾಡದಂತೆ ಕೋಲಿಗೆ ಸಡಿಲವಾಗಿ ಕಟ್ಟಿ ಆಸ್ಪತ್ರೆಗೆ ಓಡಬೇಕು. ವಿಷಕ್ಕೆ ಮದ್ದು ಇರುವುದು ಅಲ್ಲಿ ಮಾತ್ರ. ನಾಯಿ ಕಚ್ಚಿದರೆ ಮೊದಲ ಮದ್ದು ಸೋಪು: ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆಮೇಲೆ ಇಂಜೆಕ್ಷನ್‌ಗೆ ಹೋಗಿ.

ಮನೆ ಬಿಟ್ಟು ಓಡಬೇಕಾದ ಹೊತ್ತು ಬೇರೆಯದೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರು, ಹೊಳೆಆಲೂರು ಕಡೆಯವರು ಹಾಗೆ ಹೊರಟರು. ಜೀವ ಉಳಿದ ಮೇಲೆ ಕೆಲಸ ಮುಂದೆ ಸಾಗಬೇಕಾದರೆ ಕಾಗದ ಬೇಕು. ಹೊಲದ ಉತಾರ (ಪಹಣಿ), ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್. ಇದಕ್ಕೆ ವಾಟರ್‌ಪ್ರೂಫ್ ಫೈಲು ಕೊಳ್ಳಬೇಕಿಲ್ಲ. ಗೊಬ್ಬರದ ಚೀಲದ ಒಳಗಿರುವ ದಪ್ಪ ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸಿ, ಕಾಗದ ಹಾಕಿ, ಬಾಯಿ ಎರಡು ಸಲ ಮಡಚಿ ಕಟ್ಟಿ. ಅದೇ ಗೊಬ್ಬರ ಚೀಲ ಮಡಚಿ ತಲೆಗೆ ಕೊಪ್ಪಿ ಹಾಕಿಕೊಂಡು ಮಳೆಯಲ್ಲಿ ಹೊಲಕ್ಕೆ ಹೋದವರಿಗೆ ಅದರ ಗಟ್ಟಿತನ ಗೊತ್ತಿದೆ.

ಜೋಡಿಸಿದ್ದು ಹಾಗೇ ಕೂತರೆ ಕೆಡುತ್ತದೆ. ನಾನು ವರ್ಷಕ್ಕೆ ಎರಡು ಸಲ ಬ್ಯಾಗು ಬಿಚ್ಚಿ ನೆಲಕ್ಕೆ ಸುರಿಯುತ್ತೇನೆ. ಜೂನಿನ ಮಿರಗದ (ಮೃಗಶಿರಾ) ಮಳೆ ಹಿಡಿಯುವ ಮೊದಲು ಒಂದು ಸಲ, ದಸರೆಯ ಖಂಡೆ ಪೂಜೆಯ (ಆಯುಧ ಪೂಜೆ) ದಿನ ಒಂದು ಸಲ. ಹೇಗೂ ಅವತ್ತು ಮನೆಯ ಎಲ್ಲ ಹತಾರ ಹೊರಗೆ ಬಂದಿರುತ್ತದೆ. ಪವರ್ ಬ್ಯಾಂಕ್ ಚಾರ್ಜ್ ಮಾಡುತ್ತೇನೆ, ಗುಳಿಗೆಗಳ ತಾರೀಖು ನೋಡುತ್ತೇನೆ, ಕುರ್ಚಿಗಿಗೆ ಎಣ್ಣೆ ಸವರಿ ಕುಂಕುಮ ಹಚ್ಚುತ್ತೇನೆ. ಹೋದ ಸಲ ತಲೆಗೆ ಕಟ್ಟುವ ಟಾರ್ಚಿನ ಗುಂಡಿ ಒತ್ತಿದರೆ ಹತ್ತಲಿಲ್ಲ. ಮುಚ್ಚಳ ತೆಗೆದು ನೋಡಿದೆ, ಒಳಗೆ ಸೆಲ್ಲೇ ಇರಲಿಲ್ಲ. ತಲೆಯೆತ್ತಿದರೆ ಗೋಡೆಯ ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು.